ಹೊರಗಿನಜ್ಜನ ನಡಿಗೆ

ನನಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಇದೇನು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಯಲ್ಲ. ಲಿಫ್ಟಿನಲ್ಲಿ ಎದುರಾದವರು "ಸುಖಮಾಣೋ ಚೇಚಿ?", ಚೆನ್ನಾಗಿದ್ದೀರಾ ಅಕ್ಕ ಎಂದು ನಕ್ಕರೆ ನಾನೂ ನಗುತ್ತೇನೆ. ನಗುತ್ತಲೇ ಕಣ್ಣು ಕೆಳಗಿಳಿಸಿ ಚಪ್ಪಲಿ ನೋಡಿ, ಓಹೋ, ಇವರು ನಮ್ಮ ಎದುರುಮನೆಯ ಲೀನಾ ಎಂದು ಗುರುತು ಹಿಡಿಯುತ್ತೇನೆ.

ಇದು ಕಾನ್ವೆಂಟ್ ಕಲಿಸಿದ ವಿದ್ಯೆ. ಬೆಳಗಿನ ಅಸೆಂಬ್ಲಿಯಲ್ಲಿ ಸಿಸ್ಟರ್ ನಮ್ಮ ಸಾಲಿನ ಮುಂದೆ ನಡೆದುಹೋಗುವಾಗ ತಲೆ ಎತ್ತುವುದು ಉದ್ಧಟತನ. ಹಾಗಾಗಿ ನನಗೆ ಕಂಡದ್ದು ಅವರ ಬಿಳಿ ನಿಲುವಂಗಿಯ ಅಂಚು, ಅದರ ಕೆಳಗಿನ ಕಪ್ಪು ಚಪ್ಪಲಿ, ಅದರಲ್ಲೂ ಬಲಗಾಲಿನ ಹಿಮ್ಮಡಿ ಹೆಚ್ಚು ಸವೆದದ್ದು. ಆ ಸವೆದ ಹಿಮ್ಮಡಿ ಎದುರಿಗೆ ಬಂದು ನಿಂತಿತೆಂದರೆ ನನ್ನ ಶೂಗೆ ಪಾಲಿಶ್ ಸಾಲದು ಎಂದು ಅರ್ಥ. ಒಮ್ಮೆ ಪಾಲಿಶ್ ಮುಗಿದಿತ್ತೆಂದು ಅಮ್ಮ ತೆಂಗಿನೆಣ್ಣೆ ಸವರಿ ಕಳಿಸಿದ್ದರು. ಶಾಲೆ ತಲುಪುವಷ್ಟರಲ್ಲಿ ಕಾಸರಗೋಡಿನ ಕೆಂಪು ಧೂಳೆಲ್ಲ ಅದರ ಮೇಲೆ ಕೂತು ಶೂ ಎರಡೂ ಸಕ್ಕರೆಯಲ್ಲಿ ಹೊರಳಿಸಿದ ಕಜ್ಜಾಯದ ಹಾಗಾಗಿದ್ದವು. ಸಿಸ್ಟರ್ ಇಂಗ್ಲಿಷಿನಲ್ಲಿ ಏನೋ ಅಂದರು. ಅರ್ಥವಾಗಲಿಲ್ಲ, ಅಳು ಮಾತ್ರ ಸರಿಯಾಗಿಯೇ ಬಂತು.

ಇವರು ನನ್ನನ್ನು ನೋಡಲು ಬಂದ ದಿನವೂ ಅಷ್ಟೆ. ಕಾಫಿ ಹಿಡಿದುಕೊಂಡು ಹೋದವಳಿಗೆ ಕಂಡದ್ದು ಒಂದರ ಮೇಲೊಂದು ಹೆದರಿಕೊಂಡು ಹತ್ತಿ ಕೂತ ಎರಡು ಪಾದಗಳು. ಇಷ್ಟು ಹೆದರುವ ಮನುಷ್ಯ ಒಳ್ಳೆಯವನೇ ಇರಬೇಕೆಂದು ಒಪ್ಪಿದೆ. ಅಂದಾಜು ತಪ್ಪಲಿಲ್ಲ. ಅವರು ಅಂಬಲಮುಗಳಿನ ರಿಫೈನರಿಗೆ ಹೋಗುತ್ತಾರೆ, ನಾನು ಕೊಚ್ಚಿಯ ಕಾಕ್ಕನಾಡಿನ ಫ್ಲಾಟಿನಲ್ಲಿ ಮನೆ ನೋಡಿಕೊಳ್ಳುತ್ತೇನೆ, ಮಗಳು ಮೈತ್ರಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಸಂಸಾರ ಸುಗಮವಾಗಿ ನಡೆದಿದೆ.

ಇಂಥವಳು ಚಾರಿತ್ರಿಕ ಕಾದಂಬರಿ ಬರೆಯಲು ಕೂತದ್ದು ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ನನಗೂ ಅಷ್ಟಾಗಿ ಆಗಿಲ್ಲ. ಕಾರಣ ಅಜ್ಜಿ ಹೇಳುತ್ತಿದ್ದ ಒಂದು ಕತೆ. ಚಂದ್ರಗಿರಿ ಹೊಳೆಯ ದಡದಲ್ಲಿ ಪಾಲೆಮೂಲೆ ಎಂಬ ಊರು. ಅಲ್ಲಿನ ಅಮ್ಮನ ಗುಡಿಯಲ್ಲಿ ಕೃಷ್ಣ ಭಟ್ಟನೆಂಬ ಅರ್ಚಕ. ಕುಂಪಣಿಯ ಕಾಲ. ಕಂದಾಯ ಕೊಡುವುದಿಲ್ಲವೆಂದು ತಿರುಗಿಬಿದ್ದವರನ್ನು ಹಿಡಿಯಲು ಸಿಪಾಯಿಗಳು ಬರುವುದನ್ನು ಕಂಡು ಅವನು ಹೊತ್ತಲ್ಲದ ಹೊತ್ತಿನಲ್ಲಿ ಗುಡಿಯ ಗಂಟೆ ಬಾರಿಸಿದ. ಊರಿಗೆ ಊರೇ ಹೊಳೆ ದಾಟಿ ಗುಡ್ಡ ಸೇರಿತು. ಸಿಪಾಯಿಗಳಿಗೆ ಸಿಕ್ಕಿದವನು ಗಂಟೆಯ ಹಗ್ಗ ಹಿಡಿದವನೊಬ್ಬನೇ. ಕಾಲಿಗೆ ಬೇಡಿ ಹಾಕಿ, ಹಡಗು ಹತ್ತಿಸಿ, ಕರಿನೀರಿನ ಶಿಕ್ಷೆಗೆ ಕಡಲಾಚೆ ಸಾಗಿಸಿದರು. ಸಮುದ್ರ ದಾಟಿದ ಬ್ರಾಹ್ಮಣ ಬದುಕಿದ್ದರೂ ಸತ್ತ ಹಾಗೆ ಎಂದು ಮನೆಯವರು ದರ್ಭೆಯ ಬೊಂಬೆ ಮಾಡಿ ಸುಟ್ಟು ಎಳ್ಳುನೀರು ಬಿಟ್ಟರು.

"ಅವ ಯಾಕೆ ಓಡ್ಲಿಲ್ಲ ಅಜ್ಜೀ?" ಎಂದು ನಾನು ಪ್ರತಿಸಲ ಕೇಳುತ್ತಿದ್ದೆ.

"ಗಂಟೆ ನಿಂತ್ರೆ ಉಳಿದವ್ರು ಓಡುದು ನಿಲ್ಲಿಸ್ತಾರಲ್ಲ ಮಗಾ" ಎನ್ನುತ್ತಿದ್ದಳು ಅಜ್ಜಿ, ಪ್ರತಿಸಲವೂ ಈಗಷ್ಟೇ ಹೊಳೆದವಳ ಹಾಗೆ.

ಆ ಕತೆ ಬರೆಯುತ್ತಾ ನಾನು ಕೃಷ್ಣ ಭಟ್ಟನನ್ನು ಹಡಗಿನವರೆಗೆ ತಂದಿದ್ದೆ. ಎದೆ ಸೆಟೆಸಿ, ಸಿಂಹದಂಥ ದೊಡ್ಡ ದೊಡ್ಡ ಹೆಜ್ಜೆಯಿಟ್ಟು ಹಲಗೆ ಏರುತ್ತಾನೆ. ನಡುಗಡಲಿನಲ್ಲಿ ಕೈಮುಗಿದು ನೀರಿಗೆ ಹಾರುತ್ತಾನೆ. ಬರೆದು ನಾನೇ ಅತ್ತಿದ್ದೆ. ಕುಕ್ಕರು ಮೂರರ ಜಾಗದಲ್ಲಿ ಎಷ್ಟು ಸಲ ಕೂಗಿತೋ, ಅಂದು ಬೇಳೆ ಪಾಯಸವಾಗಿತ್ತು.

ಆಮೇಲೊಂದು ಭಾನುವಾರ ಫೋರ್ಟ್ ಕೊಚ್ಚಿಗೆ ಹೋಗಿದ್ದಾಗ, ಹಳೆ ಸಾಮಾನಿನ ಅಂಗಡಿಯೊಂದರಲ್ಲಿ, ಹಡಗಿನ ಲಾಟೀನು ಮತ್ತು ಬಾಯೊಡೆದ ಭರಣಿಗಳ ನಡುವೆ ಒಂದು ಜೊತೆ ಕಾಲಬೇಡಿ ಕಂಡೆ. ಎರಡು ಕಬ್ಬಿಣದ ಬಳೆ, ಅವನ್ನು ಕೂಡಿಸುವ ಸರಪಳಿ, ಸರಪಳಿಯ ನಟ್ಟನಡುವೆ ಒಂದು ಚಿಕ್ಕ ಉಂಗುರ. ಎತ್ತಿ ನೋಡಿದೆ. ಎಳೆ ಹಲಸಿನಕಾಯಿಯಷ್ಟು ಭಾರ.

"ನಡುವೆ ಈ ಉಂಗುರ ಯಾತಕ್ಕೆ?" ಎಂದು ಅಂಗಡಿಯವನನ್ನು ಕೇಳಿದೆ.

"ಗೋಡೆಗೆ ನೇತುಹಾಕ್ಲಿಕ್ಕೆ ಮೇಡಂ. ಡ್ರಾಯಿಂಗ್ ರೂಮಿಗೆ ಬಹಳ ಜನ ತಗೊಳ್ತಾರೆ."

ಕೊಳ್ಳಲಿಲ್ಲ. ಮನೆಗೆ ಬಂದು ಉಯ್ಯಾಲೆಯ ಒಂದು ಸರಪಳಿ ಬಿಚ್ಚಿದೆ. ಎರಡೂ ಕಾಲಿಗೆ ಟವೆಲು ಸುತ್ತಿ, ಅದರ ಮೇಲೆ ಸರಪಳಿಯ ಎರಡು ತುದಿ ಬಿಗಿದುಕೊಂಡು ಹಜಾರದಲ್ಲಿ ಸಿಂಹದ ಹೆಜ್ಜೆ ಇಟ್ಟೆ. ಮುಗ್ಗರಿಸಿ ಸೋಫಾ ಹಿಡಿದೆ. ಎರಡನೆಯ ಸಲ ಸರಪಳಿಯ ಕೊಂಡಿ ಬಂದು ಕಾಲಿನ ಹರಡಿನ ಎಲುಬಿಗೆ ಬಡಿಯಿತು, ಕಣ್ಣಲ್ಲಿ ನೀರು. ಆಗ ಹೊಳೆಯಿತು ನೋಡಿ. ಮೈತ್ರಿಯ ಹಳೆಯ ಜಡೆ ರಿಬ್ಬನ್ನು ತಂದು ಸರಪಳಿಯ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಸೊಂಟದ ಹತ್ತಿರ ಎತ್ತಿ ಹಿಡಿದೆ. ಸರಪಳಿ ನೆಲ ಬಿಟ್ಟಿತು. ಕಾಲು ಅಗಲಿಸಿ, ಗಿಡ್ಡ ಗಿಡ್ಡ ಹೆಜ್ಜೆ ಇಟ್ಟರೆ ಮಾತ್ರ ನಡೆಯಲು ಬರುತ್ತದೆ. ಆ ಉಂಗುರ ಇದ್ದದ್ದು ಇದಕ್ಕೆ.

ಅಷ್ಟರಲ್ಲಿ ಬಾಗಿಲು ತೆರೆದು ಮೈತ್ರಿ ಬಂದಳು. ಅವಳ ಹಿಂದೆ ಕರಿಬೇವು ಕೇಳಲು ಬಂದ ಲೀನಾ.

"ಅಮ್ಮ ಎಂದಾ ಈ ಕಾಣಿಕ್ಕುನ್ನೇ?" ಇದೇನು ಮಾಡ್ತಿದ್ದೀ ಎಂದು ಮಗಳು ಕಿರುಚಿದಳು.

"ಫಿಸಿಯೋಥೆರಪಿಯಾ ಚೇಚಿ?" ಎಂದು ಲೀನಾ ಮೆಲ್ಲನೆ ಕೇಳಿದರು. ಹೌದೆಂದೆ. ಅವರು ಈಗಲೂ ನನ್ನ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾರೆ.

ಸಿಂಹದ ಹೆಜ್ಜೆಯ ಪುಟ ಹರಿದುಹಾಕಿದೆ. ಕಡಲಿಗೆ ಹಾರುವುದನ್ನು ಇಟ್ಟುಕೊಂಡೆ.

ತಿರುವನಂತಪುರಕ್ಕೆ ಹೋದದ್ದು ಅಲ್ಲಿನ ಪತ್ರಾಗಾರ ನೋಡಲಿಕ್ಕೆ. ಬೆಳಗಿನಿಂದ ಕೂತು, ಪುಟ ಮಗುಚಿ, ಧೂಳಿಗೆ ಸೀನಿದ ಮೇಲೆ ಅಲ್ಲಿನ ಅಧಿಕಾರಿಣಿ ಬಹಳ ಮೃದುವಾಗಿ ಹೇಳಿದರು: "ಚೇಚಿ, ಇದು ತಿರುವಿತಾಂಕೂರು ರಾಜರ ಕಾಗದ. ನಿಮ್ಮ ಭಟ್ಟರು ಕುಂಪಣಿಯ ಸೀಮೆಯವರಲ್ಲವಾ? ಅವರು ಇಲ್ಲಿ ಹೇಗೆ ಸಿಗ್ತಾರೆ?" ಕಾಸರಗೋಡು ಕೇರಳಕ್ಕೆ ಸೇರಿದ್ದು ಮೊನ್ನೆ ಮೊನ್ನೆ ಎಂದು ಮನೆಯಲ್ಲಿ ಮೂರು ಹೊತ್ತೂ ಚರ್ಚೆ ಕೇಳಿ ಬೆಳೆದವಳು ನಾನು. ಅದೇ ಮರೆತಿದ್ದೆ. ರೇಷನ್ ಕಾರ್ಡಿನಲ್ಲಿ ಕೇರಳ ಎಂದಿದ್ದರೆ ಇತಿಹಾಸದಲ್ಲೂ ಕೇರಳವೇ ಇರಬೇಕೆಂದುಕೊಂಡಿದ್ದೆ.

ಪೆಚ್ಚುಮುಖ ಹಾಕಿಕೊಂಡು ಸುಮತಿ ಅತ್ತಿಗೆಯ ಮನೆಗೆ ಬಂದೆ. ಅತ್ತಿಗೆಯೆಂದರೆ ನನ್ನ ದೊಡ್ಡಪ್ಪನ ಮಗನ ಹೆಂಡತಿ. ಅಣ್ಣ ಸೆಕ್ರೆಟೇರಿಯೇಟಿನ ಕಾನೂನು ವಿಭಾಗದಲ್ಲಿದ್ದಾನೆ. ಅತ್ತಿಗೆ ಅವಲಕ್ಕಿ ಕಲಸುತ್ತಾ, "ಕಾಗ್ದದಲ್ಲಿ ಎಂತ ಉಂಟು ಮಾರಾಯ್ತಿ? ನಿನ್ನ ಪಾಲೆಮೂಲೆಯ ಹೆಸ್ರು ದಿನಾ ಹೇಳುವವ್ರೊಬ್ರು ನಮ್ಮ ಗಲ್ಲಿಯಲ್ಲೇ ಇದ್ದಾರೆ" ಎಂದಳು.

"ಯಾರು?"

"ಕೃಷ್ಣನ ಗುಡಿಯ ಪೋತ್ತಿ. ಪೂಜೆಯ ಮಾಲೆ ಕಟ್ಲಿಕ್ಕೆ ಕೂರುವ ಮೊದ್ಲು ಪಾಲೆಮೂಲೆ ಅಮ್ಮನಿಗೆ ನಮಸ್ಕಾರ ಹೇಳ್ತಾರೆ. ಅದು ಎಲ್ಲುಂಟು ಅಂತ ಅವ್ರಿಗೇ ಗೊತ್ತಿಲ್ಲ. ನಾನು ನಿನ್ಗೆ ಫೋನಲ್ಲಿ ಹೇಳ್ಬೇಕು ಅಂತ ಇದ್ದೆ, ಮರ್ತೇ ಹೋಯ್ತು."

ನಮ್ಮ ಕಡೆಯಿಂದ ಬಂದು ತೆಂಕಣ ಗುಡಿಗಳಲ್ಲಿ ಪೂಜೆಗೆ ನಿಂತ ತುಳು ಬ್ರಾಹ್ಮಣರನ್ನು ಇಲ್ಲಿ ಪೋತ್ತಿಗಳೆನ್ನುತ್ತಾರೆ. ತಲೆಮಾರುಗಳು ಕಳೆದು ಈಗ ಅವರ ಮನೆಮಾತು ಮಲಯಾಳ. ವಾಸುದೇವನ್ ಪೋತ್ತಿಯವರು ಗುಡಿಗೆ ತಾಗಿದ ಮನೆಯ ಜಗಲಿಯಲ್ಲಿ ಕೂತು ತುಳಸಿ ಮಾಲೆ ಕಟ್ಟುತ್ತಿದ್ದರು. ಮಂಡಿ ಕೈಕೊಟ್ಟಿದೆ, ಈಗ ಪೂಜೆಯೆಲ್ಲ ತಂಗಿಯ ಮಗ ಹರಿಯದು. ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ, ಮಗಳೇ ಎಂಬರ್ಥದ ಅವರ 'ಮೋಳೇ'ಯೊಂದನ್ನು ಬಿಟ್ಟು.

"ನಮ್ಮ ಮನೆತನದಲ್ಲಿ ಒಬ್ಬ ಮುತ್ತಜ್ಜ ಇದ್ದರು ಮೋಳೇ. ಪುರತ್ತೆ ಮುತ್ತಚ್ಛನ್, ಹೊರಗಿನಜ್ಜ ಅನ್ನುತ್ತೇವೆ. ಬಡಗಣದಿಂದ ದೋಣಿಯಲ್ಲಿ ಬಂದರಂತೆ, ಮುದುಕರಾಗಿ. ಆಗ ಇಲ್ಲಿ ಪೂಜೆಗಿದ್ದದ್ದು ಅವರ ತಮ್ಮನ ಮಗ. ಹೊರಗಿನಜ್ಜನೋ ದೊಡ್ಡ ವಿದ್ವಾಂಸರು, ಆದರೆ ಸಾಯುವವರೆಗೂ ಗುಡಿಯ ಗೋಡೆಯೊಳಗೆ ಕಾಲಿಡಲಿಲ್ಲ. ಏನೋ ವ್ರತ. ಅಕೋ, ಆ ಬಕುಳದ ಮರದ ಬುಡದಲ್ಲೇ ಕೂತು ಮಕ್ಕಳಿಗೆ ಮಂತ್ರ, ತಂತ್ರ, ನಡೆ ಎಲ್ಲಾ ಕಲಿಸಿದರು."

ವ್ರತ! ಕಡಲು ದಾಟಿದವನಿಗೆ ಗುಡಿ ಸಲ್ಲದು. ಊರಿನಲ್ಲಿ ಎಳ್ಳುನೀರು ಬಿಟ್ಟಾಗಿತ್ತು, ಅಲ್ಲಿಗೂ ಹೋಗುವಂತಿರಲಿಲ್ಲ. ನಾನು ನಡುಗಡಲಿನಲ್ಲಿ ಮುಳುಗಿಸಿ ಅತ್ತವರು ತಿರುಗಿ ಬಂದಿದ್ದರೇ?

ಕೇಳುವ ಮೊದಲೇ ಪೋತ್ತಿಯವರು ತಮ್ಮ ಕಷ್ಟ ತೋಡಿಕೊಂಡರು. ಶೀವೇಲಿ, ಅಂದರೆ ನಮ್ಮ ಕಡೆ ಬಲಿ ಹೊರಡುವುದು ಎನ್ನುತ್ತೇವಲ್ಲ, ದೇವರ ಬಿಂಬವನ್ನು ತಲೆಯ ಮೇಲೆ ಹೊತ್ತು ಗುಡಿಗೆ ಸುತ್ತು ಬರುವುದು, ಅದರಲ್ಲಿ ಅವರ ಮನೆತನಕ್ಕೇ ಒಂದು ಬೇರೆ ನಡಿಗೆಯಿದೆ. ಅದು ಬಹಳ ನಿಧಾನ. ಆಫೀಸಿಗೆ ಹೋಗುವ ಭಕ್ತರಿಗೆ ತಡವಾಗುತ್ತದಂತೆ. ಗುಡಿಯ ಸಮಿತಿಯ ಸೆಕ್ರೆಟರಿ, ನಿವೃತ್ತ ಇಂಜಿನಿಯರು, ಇದಕ್ಕೆ ಶಾಸ್ತ್ರಪ್ರಮಾಣ ಎಲ್ಲಿದೆ ಎಂದು ಕೇಳಿದ್ದಾರೆ. ಮುಂದಿನ ವಾರ, ಗುಡಿಯ ವಿಧಿಗಳಲ್ಲಿ ಕೊನೆಯ ಮಾತು ಹೇಳುವ ತಂತ್ರಿಗಳು ಬರುತ್ತಾರೆ. ಪ್ರಮಾಣವಿಲ್ಲದಿದ್ದರೆ ಹರಿ ಎಲ್ಲರ ಹಾಗೆ ನಡೆಯಬೇಕು.

"ನೀನು ಓದುವವಳು, ಹಳೆಯ ಕಾಗದ ನೋಡುವವಳು. ಎಲ್ಲಾದರೂ ಉಂಟಾ ನೋಡಿಕೊಡು ಮೋಳೇ. ನನ್ನ ಕಣ್ಣೆದುರಿಗೇ ಇದು ನಿಂತುಹೋಗುವುದು ಬೇಡ."

ಬಾಗಿಲಲ್ಲಿ ನಿಂತಿದ್ದ ಹರಿ ನಕ್ಕ. "ನನಗಂತೂ ಸಾಕಾಗಿದೆ ಚೇಚಿ. ಯಾರೋ ನನ್ನ ನಡಿಗೆಯ ವಿಡಿಯೋ ಹಿಡಿದು ಹಾಡು ಸೇರಿಸಿ ಹಂಚಿದ್ದಾರೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಲಿಗೆ ಏನಾಗಿದೆ ಎಂದು ಕೇಳಿದರು."

"ಮಾಡುವ ಪೂಜೆ ನೋಡಿ ಹೆಣ್ಣು ಕೊಡಲಿ" ಎಂದರು ಪೋತ್ತಿ.

"ಕಾಲು ನೋಡಿಯೇ ಕೊಡುವುದು ಅಮ್ಮಾವಾ" ಎಂದ ಹರಿ ಸೋದರಮಾವನಿಗೆ. ಕಾಲು ನೋಡಿಯೇ ಒಪ್ಪಿದವಳು ನಾನು, ಹರಿಯ ಕಡೆಗೇ ತಲೆಯಾಡಿಸಿದೆ.

ಸಂಜೆಯ ಶೀವೇಲಿಗೆ ನಾನು ಒಂದು ಬದಿಯಲ್ಲಿ ಕಂಬಕ್ಕೆ ತಾಗಿ ನಿಂತೆ. ಚೆಂಡೆ ಶುರುವಾಯಿತು. ಹರಿ ಹೊರಬಂದ. ಬಲಗೈ ತಲೆಯ ಮೇಲಿನ ಬಿಂಬವನ್ನು ಹಿಡಿದಿತ್ತು. ನನ್ನ ಕಣ್ಣು ಅಭ್ಯಾಸಬಲದಿಂದ ಕೆಳಗಿಳಿಯಿತು. ಪಾದಗಳ ನಡುವೆ ಒಂದು ಅಗಲ. ಗಿಡ್ಡ ಹೆಜ್ಜೆ, ಹೆಜ್ಜೆಯ ಕೊನೆಗೆ ಪಾದವನ್ನು ತುಸು ಎಳೆದು ಹತ್ತಿರ ತರುವುದು. ಎಡಗೈ ಸೊಂಟದ ಮುಂದೆ ಮಡಿಬಟ್ಟೆಯ ನೆರಿಗೆಯೊಂದನ್ನು ಮುಷ್ಟಿಯಲ್ಲಿ ಮೇಲಕ್ಕೆತ್ತಿ ಹಿಡಿದಿತ್ತು, ಭಾರವಾದದ್ದೇನನ್ನೋ ನೆಲಕ್ಕೆ ತಾಗದಂತೆ ಎತ್ತಿದ ಹಾಗೆ.

ಆ ಮುಷ್ಟಿಯನ್ನು ನಾನು ಬಲ್ಲೆ. ನಮ್ಮ ಹಜಾರದಲ್ಲಿ, ಜಡೆಯ ರಿಬ್ಬನ್ನು ಹಿಡಿದು, ನಾನೇ ಹಾಗೆ ನಡೆದಿದ್ದೆ.

"ಆ ಎಡಗೈ ಯಾಕೆ ಹಾಗೆ?" ಎಂದು ಆಮೇಲೆ ಹರಿಯನ್ನು ಕೇಳಿದೆ.

"ಬಟ್ಟೆ ಜಾರದಿರಲಿ ಅಂತ ಇರಬೇಕು. ಅಮ್ಮಾವನ್ ಕಲಿಸಿದ್ದು ಹಾಗೆ. ಚಿಕ್ಕವನಿದ್ದಾಗ ತಲೆಯ ಮೇಲೆ ತೆಂಗಿನಕಾಯಿ ಇಟ್ಟು ಬಕುಳದ ಸುತ್ತ ನಡೆಸುತ್ತಿದ್ದರು. ಕೈ ಸಡಿಲ ಬಿಟ್ಟರೆ ಬೆತ್ತ. ಅವರಿಗೂ ಅವರ ಅಮ್ಮಾವನ್ ಅಲ್ಲೇ ಕಲಿಸಿದ್ದು. ಮೊದಲು ಕಲಿಸಿದವರು ಹೊರಗಿನಜ್ಜ."

ಅರ್ಥವಾಯಿತಲ್ಲ ನಿಮಗೆ? ಪೂಜೆಯನ್ನು ನಮ್ಮವರು ಪುಸ್ತಕ ನೋಡಿ ಕಲಿಯುವುದಿಲ್ಲ, ಹಿರಿಯರ ಕೈಕಾಲು ನೋಡಿ ಕಲಿಯುತ್ತಾರೆ. ಗುರು ತೋರಿಸಿದ್ದರಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾಗಬಾರದು. ಬೇಡಿ ಬಿಚ್ಚಿದ ಮೇಲೂ ಆ ಮುದುಕರಿಗೆ ಬೇರೆ ನಡಿಗೆ ಬರಲಿಲ್ಲ. ಮರದ ಸುತ್ತ ಅವರ ಬೆನ್ನ ಹಿಂದೆ ನಡೆದ ಮಕ್ಕಳು ಎಲ್ಲವನ್ನೂ ಕಲಿತರು, ಇಲ್ಲದ ಸರಪಳಿಯನ್ನು ಎತ್ತಿ ಹಿಡಿಯುವುದನ್ನು ಸಹ. ಮುಂದೆ ಅದನ್ನೇ ದೇವರನ್ನು ಹೊರುವ ಕ್ರಮವೆಂದು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಸೌಟು ಹಿಡಿದೇ ಕೂತಳು.

"ನೀನು ಪೋತ್ತಿಯವ್ರಿಗೆ ಹೇಳ್ಬೇಡ" ಎಂದಳು. "ಸಮಿತಿಯವ್ರು ಪ್ರಮಾಣ ಕೇಳಿದ್ರೆ ನೀನು ಜೈಲಿನ ಬೇಡಿ ತೋರಿಸ್ತಿಯಾ? ಅಷ್ಟು ವರ್ಷ ಋಷಿ ಅಂತ ನಂಬಿದವ್ರನ್ನು ಕೈದಿ ಅಂದ್ರೆ ಆ ಮುದುಕ್ರು ತಡೆದುಕೊಳ್ತಾರಾ?"

"ಹೇಳದಿದ್ದರೆ ಮುಂದಿನ ವಾರ ಆ ನಡಿಗೆ ನಿಲ್ಲುತ್ತದೆ."

"ಹೇಳಿದ್ರೆ ನಾಳೆಯೇ ನಿಲ್ತದೆ."

ಅದೂ ಸರಿಯೇ. ನಾನು ಕಾದಂಬರಿ ಬರೆಯುವವಳು. ಈ ಸಂಗತಿ ಸಿಕ್ಕಿದ್ದಕ್ಕೆ ನನಗೆ ಲಾಭ. ಅವರಿಗೆ ಇರುವುದು ಒಬ್ಬನೇ ಅಜ್ಜ. ಆದರೂ ಅಜ್ಜಿಯ ಕತೆಯ ಮೊದಲರ್ಧ ನನ್ನ ಬಳಿಯಿತ್ತು, ಅದು ಅವರ ಮನೆಯದು. ಇಟ್ಟುಕೊಂಡು ಕೊಚ್ಚಿಯ ರೈಲು ಹತ್ತಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಬೇಗ ಅತ್ತಿಗೆಯನ್ನೂ ಎಳೆದುಕೊಂಡು ಹೋದೆ. ಪೋತ್ತಿಯವರು ಆಗಲೇ ಮಾಲೆಗೆ ಕೂತಿದ್ದರು. ಹರಿ ಮಾಲೆ ಒಯ್ಯಲು ಕಾಯುತ್ತಿದ್ದ. ಗಂಟೆ ಬಾರಿಸಿದ್ದರಿಂದ ಹಿಡಿದು ಬೇಡಿ, ಹಡಗು, ಎಳ್ಳುನೀರು, ಆ ಚಿಕ್ಕ ಉಂಗುರ ಎಲ್ಲವನ್ನೂ ನನ್ನ ಮುರುಕು ಮಲಯಾಳದಲ್ಲಿ ಹೇಳಿದೆ. ಉಯ್ಯಾಲೆಯ ಸರಪಳಿಯ ಕತೆಯನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ.

"ಇದು ನನ್ನ ಊಹೆ ಅಷ್ಟೆ. ಬರೆದದ್ದು ಎಲ್ಲೂ ಇಲ್ಲ" ಎಂದು ಕೊನೆಗೆ ಸೇರಿಸಿದೆ.

ಪೋತ್ತಿಯವರ ಬೆರಳು ತುಳಸಿಯ ಮೇಲೆ ನಿಂತಿತ್ತು. ಅವರು ಬಕುಳದ ಮರದ ಕಡೆಗೆ ತಿರುಗಿದರು. ಅತ್ತಿಗೆ ನನ್ನ ತೋಳು ಚಿವುಟಿದಳು, ನಾನು ಹೇಳಿರಲಿಲ್ಲವಾ ಎಂಬಂತೆ.

"ಕಬ್ಬಿಣ ಬಿಸಿಲಿಗೆ ಕಾಯುತ್ತಿತ್ತಾ?" ಎಂದು ಕೇಳಿದರು ಪೋತ್ತಿ.

"ಕಾಯುತ್ತಿತ್ತು ಅನ್ನಿಸುತ್ತದೆ."

"ಯಾವ ಕಾಲಿಗೆ?"

"ಎರಡಕ್ಕೂ."

ಅವರು ತಲೆಯಾಡಿಸಿದರು. ಆಮೇಲೆ ತಮ್ಮ ಎರಡು ಪಾದಗಳನ್ನು ಹತ್ತಿರ ತಂದು, ಅವುಗಳ ಮೇಲೆ ಬಟ್ಟೆ ಎಳೆದುಕೊಂಡರು, ಎಳೆಯ ಮಕ್ಕಳಿಗೆ ಹೊದಿಸುವ ಹಾಗೆ. "ನಾವು ವ್ರತ ಅಂದುಕೊಂಡಿದ್ದೆವು. ಒಳಗೆ ಬಿಡಲಿಲ್ಲ ಅಂತ ಅವರು ಯಾರಿಗೂ ಹೇಳಲೇ ಇಲ್ಲ ನೋಡು. ಹೊರಗೆ ಕೂತು ಒಳಗಿನದೆಲ್ಲ ಕಲಿಸಿ ಹೋದರು."

"ತಂತ್ರಿಗಳಿಗೆ ಏನು ಹೇಳುತ್ತೀರಿ?" ಎಂದೆ. "ಇದು ಶಾಸ್ತ್ರವಲ್ಲ, ಊಹೆ ಎಂದರೆ?"

"ಊಹೆಯಾ? ನಾನು ದಿನಾ ನೈವೇದ್ಯ ಇಡುತ್ತಿದ್ದೆನಲ್ಲ ಮೋಳೇ, ಕೃಷ್ಣ ಉಣ್ಣುತ್ತಾನೆ ಎನ್ನುವುದು ಏನು?" ಕಣ್ಣೊರೆಸಿಕೊಂಡು ಅವರು ನಕ್ಕರು. ಆದರೆ ಕೂಡಲೇ ಮುಖ ಗಂಭೀರವಾಯಿತು. "ನಾನು ಹೇಳಿ ಏನಾಗಬೇಕು? ನಡೆಯುವ ಕಾಲು ಅವನದು."

ನಾವೆಲ್ಲ ಹರಿಯ ಕಡೆ ನೋಡಿದೆವು. ಅವನು ಮಾಲೆ ತೆಗೆದುಕೊಂಡು, ಗುಡಿಯ ಕಡೆಗೆ ತಿರುಗಿ, ಎಲ್ಲರ ಹಾಗೆ ದಾಪುಗಾಲು ಹಾಕಿ ಹೋದ.

ಬೆಳಗಿನ ಶೀವೇಲಿಗೆ ಜನ ತುಂಬಿತ್ತು. ಕೊರಳಿಗೆ ಆಫೀಸಿನ ಗುರುತುಪಟ್ಟಿ ನೇತುಹಾಕಿಕೊಂಡ ಹುಡುಗಿಯರು, ಮಗು ಎತ್ತಿಕೊಂಡ ತಾಯಿ, ಶಾಲೆಗೆ ಹೊರಟ ಮೊಮ್ಮಗಳ ಕೈ ಹಿಡಿದ ಮುದುಕಿ. "ಅಕೋ, ಅವ್ರೇ ಸೆಕ್ರೆಟರಿ" ಎಂದು ಅತ್ತಿಗೆ ತೋರಿಸಿದಳು. ಎತ್ತರದ ಮನುಷ್ಯ, ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. "ಬಾ, ಇವತ್ತು ಸುತ್ತು ಬರುವ" ಎಂದು ಅವಳು ನನ್ನನ್ನು ಸಾಲಿನೊಳಗೆ ಎಳೆದಳು. ಸೆಕ್ರೆಟರಿಯವರ ಬೆನ್ನ ಹಿಂದೆಯೇ ನಮಗೆ ಜಾಗ ಸಿಕ್ಕಿತು.

ಹರಿ ಹೊರಬಂದ. ತಲೆಯ ಮೇಲೆ ಬಿಂಬ. ಎಡಗೈ ಬದಿಯಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತ. ತೆರೆದ ಬಾಗಿಲಿನಿಂದ ಹೊರಗೆ ಬಕುಳದ ಬುಡ ಕಾಣುತ್ತಿತ್ತು. ಅಲ್ಲಿ ಪೋತ್ತಿಯವರು ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು, ಇತ್ತ ನೋಡುತ್ತಿರಲಿಲ್ಲ. ಹರಿಯ ಎಡಗೈ ಮೆಲ್ಲನೆ ಮೇಲೆದ್ದಿತು. ನೆರಿಗೆಯನ್ನು ಹಿಡಿಯಿತು. ಮೊದಲ ಹೆಜ್ಜೆ ನಿನ್ನೆಗಿಂತಲೂ ಗಿಡ್ಡವಾಗಿತ್ತು.

ದೇವರನ್ನು ಹೊತ್ತವನನ್ನು ಯಾರೂ ದಾಟಿ ಮುಂದೆ ಹೋಗುವಂತಿಲ್ಲ. ಅವನು ಎಷ್ಟು ನಡೆಯುತ್ತಾನೋ ಹಿಂದಿನವರೂ ಅಷ್ಟೇ ನಡೆಯಬೇಕು. ಗುರುತುಪಟ್ಟಿಯ ಹುಡುಗಿಯರು, ಮಗುವಿನ ತಾಯಿ, ಮುದುಕಿ, ಮೊಮ್ಮಗಳು, ಅತ್ತಿಗೆ, ನಾನು, ಎಲ್ಲರೂ ಕಾಲು ತುಸು ಅಗಲಿಸಿ, ಗಿಡ್ಡ ಗಿಡ್ಡ ಹೆಜ್ಜೆಯಿಟ್ಟು, ಪಾದ ಎಳೆದು ಹತ್ತಿರ ತಂದು, ಮತ್ತೆ ಮುಂದಿಡುತ್ತಿದ್ದೆವು. ಈ ಊರಿನ ಎಷ್ಟು ತಲೆಮಾರು ಹೀಗೆ ಒಬ್ಬ ಕೈದಿಯ ಹೆಜ್ಜೆಯನ್ನು, ಕೈದಿಯೆಂದು ತಿಳಿಯದೆ, ನಾರಾಯಣ ನಾರಾಯಣ ಎನ್ನುತ್ತಾ ನಡೆದಿದೆಯೋ! ಗೋಡೆಯೊಳಗೆ ಬಿಡದವನ ಹಿಂದೆ, ಗೋಡೆಯೊಳಗೆ.

ಮುಂದಿದ್ದ ಸೆಕ್ರೆಟರಿಯವರು ಅವಸರದಲ್ಲಿ ಒಂದು ಉದ್ದ ಹೆಜ್ಜೆ ಇಡಲು ಹೋದರು. ಜಾಗವಿರಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡು, ಎಡವಬಾರದೆಂದು ತಮ್ಮ ಪಂಚೆಯ ನೆರಿಗೆಯನ್ನು ಎಡಗೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಗಿಡ್ಡ ಹೆಜ್ಜೆ ಹಾಕತೊಡಗಿದರು.